ಚಪ್ಪಾಳೆ ಸಾಕು, ಡಯಲ್ ಗೇಜ್ ತನ್ನಿ

‘ಹಳ್ಳಿ ಹೈದ ಕಟ್ಟಿದ ಯಂತ್ರದ ತೋಳು: ಇನ್ನು ಆಪರೇಷನ್ನಿಗೂ ಬರಲಿದೆ ರೋಬೋ!’

ಈ ಹೆಡ್ಡಿಂಗ್ ಬರೆದು ಕಳಿಸಿದವನು ನಾನೇ. ಆರು ವರ್ಷದ ಹಿಂದೆ. ಡೆಸ್ಕಿನವರು ಒಂದಕ್ಷರ ಬದಲಿಸದೆ ಹಾಕಿದರು, ಫೋಟೊ ಮೂರು ಕಾಲಂ. ಸ್ಟ್ರಿಂಗರ್ ಬದುಕಿನಲ್ಲಿ ಮೂರು ಕಾಲಂ ಫೋಟೊ ಅಂದರೆ ಏನು ಅಂತ ಈ ಬ್ಲಾಗಿನ ಗೆಳೆಯರಿಗೆ ಹೇಳಬೇಕಿಲ್ಲ. ಅವತ್ತು ಖುಷಿಯಾಗಿದ್ದೆ. ಇವತ್ತು ಆ ಕಟಿಂಗ್ ನೋಡಿದರೆ ನಾಚಿಕೆಯಾಗುತ್ತದೆ.

ನಡೆದದ್ದು ಇಷ್ಟು. ರಾಣೆಬೆನ್ನೂರು ಕಡೆಯ ಒಂದು ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಡಿಪ್ಲೊಮಾ ಎರಡನೇ ವರ್ಷದ ಹುಡುಗನೊಬ್ಬ ಫೋಮ್ ಬೋರ್ಡ್ ಕತ್ತರಿಸಿ, ನಾಲ್ಕು ಪುಟ್ಟ ನೀಲಿ ಸರ್ವೋ ಮೋಟಾರ್ ಅಂಟಿಸಿ, ಒಂದು ಆರ್ಡುಯಿನೋ ಬೋರ್ಡಿಗೆ ವೈರ್ ಎಳೆದು ತೋಳು ಮಾಡಿದ್ದ. ಅದು ಬಾಟಲಿ ಮುಚ್ಚಳ ಎತ್ತಿ ಡಬ್ಬಿಗೆ ಹಾಕಬೇಕು. ಮೊದಲ ಸಲ ಮುಚ್ಚಳ ಸಿಗಲಿಲ್ಲ. ಎರಡನೇ ಸಲ ಎತ್ತಿತು, ಡಬ್ಬಿಯ ಹೊರಗೆ ಬೀಳಿಸಿತು. ಮೂರನೇ ಸಲ ಸರಿಯಾಗಿ ಬಿತ್ತು. ನಾನು ವಿಡಿಯೊ ಮಾಡಿದ್ದು ಮೂರನೆಯದನ್ನು. ವೇದಿಕೆಯಿಂದ ಇಳಿದು ಬಂದ ಗಣ್ಯರು ಹಾರ ಹಾಕಿದರು. ಪ್ರಾಚಾರ್ಯರು ‘ನಮ್ಮ ಕಾಲೇಜಿನ ಹೆಮ್ಮೆ’ ಅಂದರು. ‘ಇದನ್ನ ಮುಂದೆ ಆಪರೇಷನ್ನಿಗೆ ಬಳಸಬಹುದಾ?’ ಅಂತ ನಾನು ಕೇಳಿದೆ. ‘ಬಳಸಬಹುದು ಸರ್’ ಅಂದ ಹುಡುಗ. ಪಾಪ, ಪತ್ರಕರ್ತ ಬಾಯಿಗೆ ಇಟ್ಟ ಮಾತನ್ನು ಹದಿನೆಂಟರ ಹುಡುಗ ಇಲ್ಲ ಅಂತಾನೆಯೇ?

ಮೂರರಲ್ಲಿ ಎರಡು ಸಲ ತಪ್ಪಿದ ಕೈಯನ್ನು ನಾನು ಆಪರೇಷನ್ ಥಿಯೇಟರಿಗೆ ಕಳಿಸಿದೆ.

ಡಿಪ್ಲೊಮಾ ಮುಗಿದ ಮೇಲೆ ಅವನು ಹುಬ್ಬಳ್ಳಿ ಕಡೆಯ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋದ. ನನ್ನ ಕಟಿಂಗನ್ನು ಲ್ಯಾಮಿನೇಷನ್ ಮಾಡಿಸಿ ಫೈಲಿನ ಮೊದಲ ಪುಟಕ್ಕೆ ಹಾಕಿಕೊಂಡಿದ್ದ. ಎದುರಿಗೆ ಕೂತಿದ್ದ ಎಂಜಿನಿಯರ್ ಅದನ್ನು ಪೂರ್ತಿ ಓದಿ, ಬಹಳ ಮರ್ಯಾದೆಯಿಂದಲೇ ಒಂದು ಪ್ರಶ್ನೆ ಕೇಳಿದರಂತೆ: ‘ರಿಪೀಟೆಬಿಲಿಟಿ ಎಷ್ಟು?’

ಹುಡುಗನಿಗೆ ಆ ಪದವೇ ಗೊತ್ತಿರಲಿಲ್ಲ.

ರಾತ್ರಿ ಫೋನ್ ಮಾಡಿದ. ಬೈಯಲಿಲ್ಲ. ‘ಅಣ್ಣಾ, ಆ ಪ್ರಶ್ನೆ ಅವತ್ತು ನೀವ ಕೇಳಿದ್ರ ಚಲೋ ಇತ್ತು’ ಅಂದ. ಅಷ್ಟೇ. ಈ ಲೇಖನ ಆ ಒಂದು ಮಾತಿಗೆ ನಾನು ಕೊಡಬೇಕಾದ ಉತ್ತರ.

ಏನದು ರಿಪೀಟೆಬಿಲಿಟಿ?

ಗೋಲಿ ಆಡಿದವರಿಗೆ ಇದು ಗೊತ್ತು. ಒಬ್ಬ ಹತ್ತು ಗೋಲಿ ಹೊಡೆಯುತ್ತಾನೆ. ಹತ್ತೂ ಗುಳಿಯಿಂದ ಎರಡು ಬೆರಳು ಎಡಕ್ಕೆ, ಒಂದರ ಪಕ್ಕ ಒಂದು ಬೀಳುತ್ತವೆ. ಇನ್ನೊಬ್ಬನ ಹತ್ತು ಗೋಲಿ ಗುಳಿಯ ಸುತ್ತ ಎಲ್ಲೆಂದರಲ್ಲಿ ಚದುರುತ್ತವೆ. ಮೊದಲನೆಯವನ ತಪ್ಪು ಒಂದೇ ತಪ್ಪು. ಎರಡು ಬೆರಳು ಬಲಕ್ಕೆ ಗುರಿಯಿಟ್ಟರೆ ಗೆದ್ದ. ಎರಡನೆಯವನಿಗೆ ಏನು ಹೇಳಿಕೊಡುವುದು?

ಯಂತ್ರದ ತೋಳಿಗೂ ಇದೇ ಲೆಕ್ಕ. ಹೇಳಿದ ಜಾಗಕ್ಕೇ ಹೋಗುವುದು ನಿಖರತೆ. ಪ್ರತಿ ಸಲ ಅದೇ ಜಾಗಕ್ಕೆ ಬರುವುದು ರಿಪೀಟೆಬಿಲಿಟಿ. ಕಾರ್ಖಾನೆಯವರು ಮೊದಲು ಕೇಳುವುದು ಎರಡನೆಯದನ್ನು. ಅದನ್ನು ಅಳೆಯಲು ಐಎಸ್‌ಒ 9283 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಆ ಪ್ರಕಾರ ತೋಳು ಒಂದೇ ಜಾಗಕ್ಕೆ 30 ಸಲ ಬರಬೇಕು; ಆ 30 ಸಲ ಎಷ್ಟು ಚದುರಿತು ಅನ್ನುವುದೇ ಅದರ ಯೋಗ್ಯತೆ. ಯೂನಿವರ್ಸಲ್ ರೋಬೋಟ್ಸ್ ಕಂಪನಿಯ ಯುಆರ್5ಇ ತೋಳಿಗೆ ಕಂಪನಿ ಹೇಳುವ ಅಂಕಿ 0.03 ಮಿಲಿಮೀಟರ್. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ.

ನಾನು ಮೆರೆಸಿದ ಫೋಮ್ ತೋಳಿನ ಲೆಕ್ಕ ಈಗ ನೀವೇ ಮಾಡಿ. ತೋಳಿನ ಉದ್ದ 40 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಬುಡದಲ್ಲಿ ಒಂದೇ ಒಂದು ಡಿಗ್ರಿ ಅತ್ತಿತ್ತ ಆದರೆ ತುದಿಯಲ್ಲಿ 7 ಮಿಲಿಮೀಟರ್ ಆಚೀಚೆ. ನೊಗದ ಬುಡದಲ್ಲಿ ಬೆರಳಷ್ಟು ಸಡಿಲವಿದ್ದರೆ ತುದಿ ಎಷ್ಟು ಓಲಾಡುತ್ತದೆ ಅಂತ ಗಾಡಿ ಹೂಡಿದವರಿಗೆ ಗೊತ್ತಲ್ಲ, ಹಾಗೆ. ಆ ಪುಟ್ಟ ಸರ್ವೋಗಳ ಪ್ಲಾಸ್ಟಿಕ್ ಗೇರಿನಲ್ಲಿ ಅಷ್ಟು ಸಡಿಲ ಇದ್ದೇ ಇರುತ್ತದೆ. ಇದು ಹುಡುಗನ ತಪ್ಪಲ್ಲ. ಅದು ಕಲಿಯುವವರಿಗಾಗಿ ಇರುವ ಅಗ್ಗದ ಮೋಟಾರು. ಮೊದಲ ಮೆಟ್ಟಿಲಿಗೆ ಅದು ಸರಿಯೇ. ಮೊದಲ ಮೆಟ್ಟಿಲನ್ನೇ ಶಿಖರ ಅಂತ ಬರೆದದ್ದು ನಾನು.

ಎರಡನೇ ತೋಳು

ಇಂಟರ್‌ವ್ಯೂ ಆದ ಮೇಲೆ ಹುಡುಗ ಸುಮ್ಮನೆ ಕೂರಲಿಲ್ಲ. ಹಗಲು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ, ರಾತ್ರಿ ಎರಡನೇ ತೋಳು. ಒಂದೂವರೆ ವರ್ಷ ಹಿಡಿಯಿತು. ಈ ಸಲ ನಾನು ಸುದ್ದಿಗಾಗಿ ಹೋಗಲಿಲ್ಲ, ಭಾನುವಾರ ಭಾನುವಾರ ನೋಡಲು ಹೋದೆ.

ಸರ್ವೋ ಬಿಟ್ಟು ಸ್ಟೆಪ್ಪರ್ ಮೋಟಾರ್ ಹಾಕಿದ. ಇದು ಒಂದೊಂದೇ ಹೆಜ್ಜೆ ಇಟ್ಟು ತಿರುಗುವ ಮೋಟಾರು. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ನೇರವಾಗಿ ತೋಳಿಗೆ ಕಟ್ಟಿದರೆ ಒಂದು ಹೆಜ್ಜೆಗೆ ತುದಿ 12 ಮಿಲಿಮೀಟರಿಗೂ ಹೆಚ್ಚು ಜಿಗಿಯುತ್ತದೆ. ಅದಕ್ಕೇ ಹಲ್ಲಿನ ಬೆಲ್ಟು, ಚಿಕ್ಕ ಪುಲ್ಲಿ, ದೊಡ್ಡ ಪುಲ್ಲಿ ಎರಡು ಹಂತದಲ್ಲಿ ಹಾಕಿದ. ಮೊದಲ ಹಂತದಲ್ಲಿ ನಾಲ್ಕು ಪಟ್ಟು, ಎರಡನೆಯದರಲ್ಲಿ ಐದು ಪಟ್ಟು. ಮೋಟಾರು 20 ಸುತ್ತು ತಿರುಗಿದರೆ ತೋಳು ಒಂದು ಸುತ್ತು. ಈಗ ಒಂದು ಹೆಜ್ಜೆ ಅಂದರೆ ತುದಿಯಲ್ಲಿ 0.63 ಮಿಲಿಮೀಟರ್. ಡ್ರೈವರ್ ಬೋರ್ಡು ಒಂದೊಂದು ಹೆಜ್ಜೆಯನ್ನೂ 16 ಭಾಗ ಮಾಡುತ್ತದೆ. ಲೆಕ್ಕದಲ್ಲಿ 0.04 ಮಿಲಿಮೀಟರ್.

‘ಅಣ್ಣಾ, 0.04 ಬಂತು!’ ಅಂದ. ನಾನೂ ಇನ್ನೇನು ಪೆನ್ನು ತೆಗೆಯುವವನಿದ್ದೆ.

ಅಡ್ಡ ಬಂದವರು ಅವರ ಓಣಿಯ ಒಬ್ಬ ಕಾಕಾ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಜೋಡಿಸುತ್ತಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್‌ಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಇದ್ದವು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಕಾಕಾ ಮಾತ್ರ ಹಳೇ ಡಯಲ್ ಗೇಜನ್ನು ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ. ಗಡಿಯಾರದಂಥ ಮುಖ, ಕೆಳಗೊಂದು ಕಡ್ಡಿ. ಕಡ್ಡಿ ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಸರಿದರೂ ಮುಳ್ಳು ಒಂದು ಗೆರೆ ಓಡುತ್ತದೆ.

‘ಲೆಕ್ಕ ಹಾಳೀ ಮ್ಯಾಲ ಇರತೈತಿ ತಮ್ಮಾ, ಪ್ಲೇ ಕಬ್ಬಿಣದಾಗ ಇರತೈತಿ’ ಅಂದರು. ಗೇಜನ್ನು ಸ್ಟ್ಯಾಂಡಿಗೆ ಕಟ್ಟಿ ತೋಳಿನ ತುದಿಗೆ ಅಡ್ಡ ಇಟ್ಟರು. 30 ಸಲ ಓಡಿಸಿದ್ದಾಯಿತು. 0.6 ಮಿಲಿಮೀಟರ್ ಚದುರಿತ್ತು. ಹುಡುಗ ಅಷ್ಟಕ್ಕೇ ಸಪ್ಪಗಾದ. ಕಾಕಾ ಬಿಡಲಿಲ್ಲ. ‘ಬರೇ ಎಡಕ್ಕಿಂದ ಬಂದ್ರ ಹೆಂಗ? ಬಲಕ್ಕಿಂದನೂ ಬರಲಿ’ ಅಂದರು. ಎರಡೂ ಕಡೆಯಿಂದ ಬರುವಂತೆ ಮಾಡಿದಾಗ ಮುಳ್ಳು 2.3 ಮಿಲಿಮೀಟರ್ ಓಡಾಡಿತು.

ಇದೇ ಈ ವಿದ್ಯೆಯ ಗುಟ್ಟು. ಬೆಲ್ಟು ಸಡಿಲವಿದ್ದರೆ, ಪುಲ್ಲಿಯ ಗ್ರಬ್ ಸ್ಕ್ರೂ ಜಾರುತ್ತಿದ್ದರೆ, ಬೇರಿಂಗ್ ಕೂತ ಕುಳಿ ಕೂದಲಷ್ಟು ದೊಡ್ಡದಾಗಿದ್ದರೆ, ಮೋಟಾರು ತಿರುಗಿದರೂ ತೋಳು ಸ್ವಲ್ಪ ಹೊತ್ತು ನಿಂತಲ್ಲೇ ಇರುತ್ತದೆ. ಒಂದೇ ಕಡೆಯಿಂದ ಬಂದರೆ ಆ ಸಡಿಲ ಯಾವಾಗಲೂ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ, ಹಾಗಾಗಿ ಕಾಣುವುದಿಲ್ಲ. ದಿಕ್ಕು ಬದಲಿಸಿದಾಗ ಬಯಲಾಗುತ್ತದೆ. ಬುಡದಲ್ಲಿ ಡಿಗ್ರಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಸಡಿಲವಿದ್ದರೂ ತುದಿಯಲ್ಲಿ 2 ಮಿಲಿಮೀಟರ್ ಆಗಿಬಿಡುತ್ತದೆ. ಮೋಟಾರಿನ ಹೆಜ್ಜೆಯನ್ನು 16 ಮಾಡಿ, 32 ಮಾಡಿ, ಈ ಸಡಿಲ ಹೋಗುವುದಿಲ್ಲ.

ಆಮೇಲಿನ ನಾಲ್ಕು ತಿಂಗಳು ಅವರಿಬ್ಬರೂ ಹುಡುಕಿದ್ದು ಈ ಸಡಿಲವನ್ನೇ. ಒಂದು ಬೇರಿಂಗ್ ಇದ್ದಲ್ಲಿ ದೂರ ದೂರ ಎರಡು ಕೂರಿಸಿದರು. ಪ್ರಿಂಟ್ ಮಾಡಿಸಿದ ಪ್ಲಾಸ್ಟಿಕ್ ಶಾಫ್ಟ್ ತೆಗೆದು ಲೇತಿನಲ್ಲಿ ತಿರುವಿದ ಕಬ್ಬಿಣದ ಶಾಫ್ಟ್ ಹಾಕಿದರು. ಬೆಲ್ಟ್ ಬಿಗಿಯಲು ಒಂದು ಸ್ಕ್ರೂ ಇಟ್ಟರು. ಮೋಟಾರು ಬಿಸಿಯಾಗಿ ಪಕ್ಕದ ಪ್ಲಾಸ್ಟಿಕ್ ಬ್ರಾಕೆಟ್ ಮೆತ್ತಗಾಗುತ್ತಿತ್ತು. ಅಲ್ಲಿಗೆ ಅಲ್ಯುಮಿನಿಯಂ ಪಟ್ಟಿ ಬಂತು. ಪ್ರತಿಯೊಂದು ಬದಲಾವಣೆಗೂ 30 ಸಲದ ಪರೀಕ್ಷೆ, ನೋಟ್‌ಬುಕ್ಕಿನಲ್ಲಿ ಸಾಲು. ಕೊನೆಗೆ ಎರಡೂ ಕಡೆಯಿಂದ 0.4 ಮಿಲಿಮೀಟರಿಗೆ ಬಂದು ನಿಂತಿದೆ.

ಕಾರ್ಖಾನೆ ತೋಳಿನ ಮುಂದೆ ಇದು ಏನೂ ಅಲ್ಲ, ಹತ್ತು ಪಟ್ಟಿಗಿಂತ ಹಿಂದೆ. ಆದರೆ ಆ 0.4 ಎಲ್ಲಿಂದ ಬಂತು, ಇನ್ನೂ ಯಾಕೆ ಇಳಿಯುತ್ತಿಲ್ಲ ಅಂತ ಹುಡುಗ ಅರ್ಧ ಗಂಟೆ ನಿಲ್ಲದೆ ಹೇಳಬಲ್ಲ. ಮೂರು ಕಾಲಂ ಫೋಟೊ ಅವನಿಗೆ ಇದನ್ನು ಕೊಟ್ಟಿರಲಿಲ್ಲ.

ಪ್ರೋಗ್ರಾಂ ಅಂದರೆ ಗಣಿತ

ನಮ್ಮ ವರದಿಗಳಲ್ಲಿ ‘ಕಂಪ್ಯೂಟರ್ ಪ್ರೋಗ್ರಾಂ ಅಳವಡಿಸಲಾಗಿದೆ’ ಅಂತ ಒಂದು ಸಾಲು ಇರುತ್ತದೆ. ಒಳಗೆ ಏನಿದೆ ಅಂತ ನಾವು ಕೇಳುವುದಿಲ್ಲ. ಕೇಳಿದರೆ ಗೊತ್ತಾಗುತ್ತದೆ, ಹುಡುಗನೇ ಬರೆದದ್ದೋ ಅಥವಾ ಸಿಟಿಯ ಅಂಗಡಿಯಿಂದ ರೆಡಿ ಪ್ರಾಜೆಕ್ಟ್ ತಂದದ್ದೋ ಅಂತ.

ತೋಳಿಗೆ ‘ಬುಡದಿಂದ 30 ಸೆಂಟಿಮೀಟರ್ ದೂರ ಹೋಗು’ ಅಂದರೆ ಅದಕ್ಕೆ ತಿಳಿಯದು. ಮೋಟಾರಿಗೆ ಗೊತ್ತಿರುವುದು ಕೋನ ಮಾತ್ರ. ದೂರವನ್ನು ಕೋನವಾಗಿ ತಿರುಗಿಸಬೇಕು. ಭುಜದಿಂದ ಮೊಣಕೈವರೆಗೆ 20 ಸೆಂಟಿಮೀಟರ್, ಮೊಣಕೈಯಿಂದ ತುದಿಗೆ 20, ತಲುಪಬೇಕಾದ ದೂರ 30. ಮೂರೂ ಸೇರಿ ಒಂದು ತ್ರಿಕೋನ. ಕೋಸೈನ್ ಸೂತ್ರ ಹಾಕಿದರೆ ಮೊಣಕೈಯ ಒಳಕೋನ 97 ಡಿಗ್ರಿ ಚಿಲ್ಲರೆ ಇರಬೇಕು ಅಂತ ಸಿಗುತ್ತದೆ. ಆದರೆ ಅದೇ ಜಾಗಕ್ಕೆ ಮೊಣಕೈ ಮೇಲೆ ಮಾಡಿಯೂ ಹೋಗಬಹುದು, ಕೆಳಗೆ ಮಾಡಿಯೂ ಹೋಗಬಹುದು. ಯಾವುದು ಅಂತ ಹೇಳದಿದ್ದರೆ ತೋಳು ಟೇಬಲ್ಲಿಗೆ ಗುದ್ದುತ್ತದೆ. ಈ ಹುಡುಗನದು ಎರಡು ಸಲ ಗುದ್ದಿದೆ.

‘ಈ ಸೈನು, ಕೋಸೈನು ಯಾತಕ್ಕ ಬರತಾವ್ರೀ?’ ಅಂತ ನಮ್ಮ ಕಾಲದಲ್ಲೂ ಕೇಳುತ್ತಿದ್ದೆವು, ಮೇಷ್ಟ್ರು ‘ಪರೀಕ್ಷೆಗೆ’ ಅನ್ನುತ್ತಿದ್ದರು. ಉತ್ತರ ಇಲ್ಲಿದೆ.

ಇನ್ನೂ ಎರಡು ಮಾತು. ಕರೆಂಟು ಹೋಗಿ ಬಂದರೆ ಸ್ಟೆಪ್ಪರ್ ಮೋಟಾರಿಗೆ ತಾನೆಲ್ಲಿದ್ದೇನೆ ಅಂತ ನೆನಪಿರುವುದಿಲ್ಲ. ಅದಕ್ಕೇ ಪ್ರತಿ ಸಲ ಶುರುವಿನಲ್ಲಿ ಮೆಲ್ಲಗೆ ಹೋಗಿ ಒಂದು ಸ್ವಿಚ್ ಮುಟ್ಟಿ, ‘ಇದು ಸೊನ್ನೆ’ ಅಂತ ಗುರುತು ಮಾಡಿಕೊಳ್ಳಬೇಕು. ನಮ್ಮೂರಿನ ಕರೆಂಟಿಗೆ ಇದು ತುಂಬ ಮುಖ್ಯ. ಎರಡನೆಯದು, ಒಮ್ಮೆಲೇ ವೇಗ ಕೊಟ್ಟರೆ ಮೋಟಾರು ಹೆಜ್ಜೆ ತಪ್ಪುತ್ತದೆ, ತಪ್ಪಿದ್ದು ಅದಕ್ಕೇ ಗೊತ್ತಾಗುವುದಿಲ್ಲ. ಲೋಡಾದ ಗಾಡಿಯ ಎತ್ತುಗಳ ಹಾಗೆ, ಮೆಲ್ಲಗೆ ಎಬ್ಬಿಸಿ ಮೆಲ್ಲಗೆ ನಿಲ್ಲಿಸಬೇಕು.

‘ಹಳ್ಳಿ ಹುಡುಗರಿಗೆ ಪ್ರೋತ್ಸಾಹ ಬೇಡವೇನ್ರಿ?’

ಇಷ್ಟು ಓದಿದ ಕೆಲವರು ಈಗಾಗಲೇ ಸಿಟ್ಟಾಗಿರುತ್ತೀರಿ. ‘ಬಡ ಹುಡುಗ ಏನೋ ಮಾಡಿದ್ದಾನೆ, ನಾಲ್ಕು ಒಳ್ಳೆ ಮಾತು ಬರೆದರೆ ನಿನ್ನ ಗಂಟೇನು ಹೋಗುತ್ತದೆ?’ ಅಂತ.

ಹೋಗುವುದು ನನ್ನ ಗಂಟಲ್ಲ, ಅವನದು. ನಮ್ಮ ಪ್ರೋತ್ಸಾಹದ ಒಳಗೆ ಒಂದು ಅವಮಾನ ಅಡಗಿದೆ. ‘ಹಳ್ಳಿಯವನಾಗಿ ಇಷ್ಟು ಮಾಡಿದ್ದೇ ದೊಡ್ಡದು’ ಅನ್ನುವಾಗ, ಹಳ್ಳಿಯವನಿಂದ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಅಂತ ನಾವೇ ಗೆರೆ ಎಳೆಯುತ್ತೇವೆ. ಸಿಟಿಯ ಹುಡುಗನಿಗೆ ಅಳತೆ, ನಮ್ಮ ಹುಡುಗನಿಗೆ ಹಾರ. ಕುಸ್ತಿ ಕಣದಲ್ಲಿ ಹೀಗೆ ಮಾಡುತ್ತೇವೆಯೇ? ಊರ ಪೈಲ್ವಾನ ಅಂತ ಆಡದೆಯೇ ಗದೆ ಕೊಡುತ್ತೇವೆಯೇ?

ಇನ್ನೊಂದು ವಾದ: ‘ಸಾವಿರಾರು ರೂಪಾಯಿ ಖರ್ಚು ಮಾಡಿ ಇದನ್ನ ಕಟ್ಟೋದ್ಯಾಕೆ? ಚೀನಾದಿಂದ ರೆಡಿ ತೋಳು ಬರುತ್ತದಲ್ಲ.’ ಬರುತ್ತದೆ. ಕೊಂಡ ತೋಳು ಕೆಟ್ಟಾಗ ಬಿಚ್ಚುವವರು ಬೇಕಲ್ಲ, ಆ ಕೈ ಎಲ್ಲಿಂದ ಬರುತ್ತದೆ? ಸಡಿಲ ಎಲ್ಲಿದೆ ಅಂತ ಬೆರಳಿಟ್ಟು ಹೇಳಬಲ್ಲವನು, ತಾನೇ ಒಂದು ಕಟ್ಟಿ ಸೋತವನು. ‘ಇದರಿಂದ ರೈತರಿಗೆ ಏನು ಉಪಯೋಗ?’ ಅಂತ ಕೇಳುವವರಿಗೆ ನೇರ ಉತ್ತರ: ಸದ್ಯಕ್ಕೆ ಏನೂ ಇಲ್ಲ. ಈ ತೋಳು ಮೆಣಸಿನಕಾಯಿ ಬಿಡಿಸುವುದಿಲ್ಲ. ಬಿಡಿಸುತ್ತದೆ ಅಂತ ಬರೆದರೆ ಅದು ನನ್ನ ಹಳೇ ಹೆಡ್ಡಿಂಗಿನ ತಮ್ಮನೇ ಆದೀತು. ಉಪಯೋಗ ಆಗುವುದು ರೈತನ ಮಗನಿಗೆ, ಅವನ ಕೈಗೆ ಬಂದ ವಿದ್ಯೆಯಿಂದ.

ಮತ್ತೆ, ಮೆರೆಸಿದ ಮೇಲೆ ಏನಾಗುತ್ತದೆ ಅಂತ 2020ರಲ್ಲಿ ಡ್ರೋನ್ ವಿಷಯದಲ್ಲಿ ಇಡೀ ರಾಜ್ಯ ನೋಡಿದೆ. ಹೊತ್ತು ಕುಣಿದದ್ದೂ ನಾವೇ, ಆಮೇಲೆ ಎತ್ತಿ ಹಾಕಿದ್ದೂ ನಾವೇ ಮಾಧ್ಯಮದವರು. ಮೊದಲ ದಿನವೇ ‘ಎಲ್ಲಿ, ಹಾರಿಸಪ್ಪ, ನೋಡೋಣ’ ಅಂದಿದ್ದರೆ ಎರಡೂ ನಡೆಯುತ್ತಿರಲಿಲ್ಲ.

ಸಾಮಾನು ಇದೆ, ಅಳೆಯುವವರಿಲ್ಲ

‘ನಮ್ಮಲ್ಲಿ ಸೌಕರ್ಯ ಎಲ್ಲಿದೆ?’ ಅನ್ನುವುದು ಕೊನೆಯ ನೆಪ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಇದೆ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ದೇಶದಲ್ಲಿ 10,000 ಲ್ಯಾಬ್ ಆಗಿವೆ. ಇನ್ನೂ 50,000 ಸರ್ಕಾರಿ ಶಾಲೆಗಳಿಗೆ ಅಂತ 2025ರ ಬಜೆಟ್ಟಿನಲ್ಲಿ ಘೋಷಣೆಯಾಗಿದೆ. ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ಪ್ರಧಾನಿ ಕೈಯಲ್ಲಿ ಉದ್ಘಾಟನೆ ಮಾಡಿಸಿದ್ದಾಯಿತು. ಆ ಉದ್ಘಾಟನೆಯ ಸುದ್ದಿ ನಾವೆಲ್ಲ ಬರೆದಿದ್ದೇವೆ. ಸಂಜೆ ಐದರ ಮೇಲೆ ಆ ಬಾಗಿಲು ಓಣಿಯ ಹುಡುಗನಿಗೆ ತೆರೆದಿರುತ್ತದೆಯೇ ಅಂತ ಎಷ್ಟು ಜನ ಹೋಗಿ ನೋಡಿದ್ದೇವೆ? ನನ್ನ ಹುಡುಗ ಹತ್ತಿರದ ಒಂದು ಕಡೆ ಕೇಳಿದಾಗ ಸಿಕ್ಕ ಉತ್ತರ, ‘ಹೊರಗಿನವರಿಗೆ ಇಲ್ಲ’.

ಬೇರೆ ಕಡೆ ಹೇಗಿದೆ ನೋಡಿ. ಸ್ಪೇನ್ ದೇಶದ ಕ್ಯಾಟಲೋನಿಯಾದಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯೇ ಬಾರ್ಸಿಲೋನಾದ ಬಿಸಿಎನ್3ಡಿ ಸಂಸ್ಥೆಯ ಜೊತೆ ಕೂತು ‘ಮೋವಿಯೋ’ ಅನ್ನುವ ತೋಳಿನ ವಿನ್ಯಾಸ ಮಾಡಿಸಿತು. ವಿದ್ಯಾರ್ಥಿಗಳು ತೋಳನ್ನು ಕೊಳ್ಳಬಾರದು, ತಾವೇ ಕಟ್ಟಬೇಕು ಅನ್ನುವುದೇ ಉದ್ದೇಶ. 2016ರಲ್ಲಿ ಎಲ್ಲ ನಕ್ಷೆಗಳನ್ನೂ ಜಗತ್ತಿಗೆ ಬಿಟ್ಟುಕೊಟ್ಟರು. ಅಮೆರಿಕದ ಕ್ರಿಸ್ ಆನಿನ್ ತಮ್ಮ ಎಆರ್ ಸರಣಿಯ ಆರು ಕೀಲಿನ ತೋಳುಗಳ ಕೈಪಿಡಿ, ಸಾಫ್ಟ್‌ವೇರ್ ಎಲ್ಲವನ್ನೂ ಹೀಗೇ ಹಂಚಿದ್ದಾರೆ. ನಮ್ಮ ಹುಡುಗ ಕಲಿತದ್ದು ಇಂಥ ನಕ್ಷೆಗಳನ್ನು ಮೊಬೈಲಿನಲ್ಲಿ ನೋಡಿಯೇ. ಅವೆಲ್ಲ ಇಂಗ್ಲಿಷಿನಲ್ಲಿವೆ. ಹಂತ ಹಂತವಾಗಿ ಕನ್ನಡದಲ್ಲಿ ಒಂದು ಕೈಪಿಡಿ ಮಾಡಿ ಐಟಿಐಗಳಲ್ಲಿ ಹಂಚುವುದು ನಮ್ಮ ಇಲಾಖೆಗೆ ಆಗದ ಕೆಲಸವೇ?

ಅಳತೆಯ ಸಾಮಾನಿಗೂ ದೊಡ್ಡ ಖರ್ಚಿಲ್ಲ. ಡಯಲ್ ಗೇಜು, ಅದರ ಮ್ಯಾಗ್ನೆಟ್ ಸ್ಟ್ಯಾಂಡು ಎರಡೂ ಸೇರಿ ಒಂದು ಸಾದಾ ಸ್ಮಾರ್ಟ್‌ಫೋನಿನ ಬೆಲೆಗಿಂತ ಕಡಿಮೆ. ಪ್ರದರ್ಶನದ ಶಾಲು, ಹಾರ, ಫ್ಲೆಕ್ಸಿನ ದುಡ್ಡಿನಲ್ಲಿ ಕಾಲೇಜಿಗೊಂದು ಬರುತ್ತದೆ. ಹಿಡಿಯಲು ಕಲಿಸುವವರು ಹರಿಹರ, ಹುಬ್ಬಳ್ಳಿ, ಬೆಳಗಾವಿಯ ಓಣಿಗಳಲ್ಲಿ ನಿವೃತ್ತರಾಗಿ ಕಟ್ಟೆ ಮೇಲೆ ಕೂತಿದ್ದಾರೆ. ಅವರನ್ನು ಒಂದು ದಿನ ಪ್ರದರ್ಶನಕ್ಕೆ ಕರೆಯಿರಿ, ಅತಿಥಿಯಾಗಿ ಬೇಡ, ಪರೀಕ್ಷಕರಾಗಿ.

ಇನ್ನು ಮುಂದೆ ನಾನು ಕೇಳುವ ಪ್ರಶ್ನೆಗಳು

ಈ ಬ್ಲಾಗಿನಲ್ಲಿ ಬರೆಯುವ ಗೆಳೆಯರಿಗೂ, ಮಕ್ಕಳ ಪ್ರದರ್ಶನಕ್ಕೆ ಹೋಗುವ ತಂದೆ ತಾಯಿಗಳಿಗೂ ಇವು ಉಪಯೋಗಕ್ಕೆ ಬಂದಾವು.

1. ಎಷ್ಟು ಸಲ ಮಾಡಿದರೆ ಎಷ್ಟು ಸಲ ಸರಿಯಾಗುತ್ತದೆ? ನನ್ನ ಎದುರು 30 ಸಲ ಓಡಿಸಪ್ಪ.

2. ಎಷ್ಟು ತೂಕ ಹಿಡಿದು, ಎಷ್ಟು ದೂರ ಚಾಚಿದಾಗ ಈ ಅಂಕಿ? ಬರಿಗೈಯಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ.

3. ಎರಡೂ ದಿಕ್ಕಿನಿಂದ ಬಂದು ನೋಡಿದ್ದೀಯಾ?

4. ಪ್ರೋಗ್ರಾಮಿನಲ್ಲಿ ಯಾವ ಸಾಲು ನೀನು ಬರೆದದ್ದು, ಯಾವುದು ಬೇರೆಯವರದು? ಬೇರೆಯವರದು ತೆಗೆದುಕೊಂಡರೆ ತಪ್ಪೇನಿಲ್ಲ, ಹೆಸರು ಹೇಳಬೇಕು.

5. ಎಲ್ಲಿ ಸೋತೆ? ಈಗಲೂ ಎಲ್ಲಿ ಕೆಟ್ಟಿದೆ?

ಐದನೆಯದಕ್ಕೆ ಉತ್ತರ ಕೊಡುವ ಹುಡುಗ ಅಥವಾ ಹುಡುಗಿ ಸಿಕ್ಕರೆ ಅವರ ಬಗ್ಗೆ ಬರೆಯಿರಿ. ಮೂರು ಕಾಲಂ ಅಲ್ಲ, ಆರು ಕಾಲಂ ಬರೆಯಿರಿ. ಡೆಸ್ಕಿನವರು ‘ಇದರಲ್ಲಿ ಸುದ್ದಿ ಎಲ್ಲಿದೆ?’ ಅಂದರೆ ಅಂಕಿಯನ್ನೇ ಹೆಡ್ಡಿಂಗ್ ಮಾಡಿ ಅನ್ನಿ.

ಕಳೆದ ಭಾನುವಾರ ಹೋದಾಗ ಹುಡುಗ ಫೈಲು ತೋರಿಸಿದ. ಮುಂದಿನ ತಿಂಗಳು ಮತ್ತೊಂದು ಇಂಟರ್‌ವ್ಯೂ ಇದೆ. ಮೊದಲ ಪುಟದಲ್ಲಿದ್ದ ನನ್ನ ಕಟಿಂಗ್ ತೆಗೆದಿದ್ದಾನೆ. ಆ ಜಾಗದಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇದೆ, 30 ಸಾಲು, ಕೊನೆಗೆ 0.4. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಾನೆ: ‘ಮೊಣಕೈ ಬ್ರಾಕೆಟ್ ಇನ್ನೂ ಬಾಗುತ್ತಿದೆ, ಬದಲಿಸಬೇಕು.’